ಗೇಣು ನೆಲ

"ಆ ಕಲ್ಲಿನ ತಂಟೆಗೆ ಮಾತ್ರ ಹೋಗ್ಬೇಡಿ ಸಾರ್," ಎಂದಳು ಪಕ್ಕದ ಮನೆಯ ಹಾಸಿಗೆಯವಳು.

ಹಳೆಯ ಹಾಸಿಗೆಯೊಂದರ ಹೊಟ್ಟೆ ಸೀಳಿ, ಒಳಗೆ ಗಂಟುಗಟ್ಟಿದ್ದ ಹತ್ತಿಯನ್ನು ಅಂಗಳದ ತುಂಬ ಹರಡಿಕೊಂಡು ಕೋಲಿನಿಂದ ಬಡಿಯುತ್ತಿದ್ದಳು. ತಲೆಗೂದಲು, ಹುಬ್ಬು, ರೆಪ್ಪೆ ಎಲ್ಲದರ ಮೇಲೂ ಎಳೆ ಕೂತು ಅವಳ ವಯಸ್ಸು ಇಷ್ಟೇ ಎಂದು ಹೇಳುವಂತಿರಲಿಲ್ಲ. ಯಾರೋ ಎಷ್ಟೋ ವರ್ಷ ಮಲಗೆದ್ದ ಬೆವರಿನ ಹುಳಿ ವಾಸನೆ ಆ ಹತ್ತಿಯಿಂದ ಏಳುತ್ತಿತ್ತು.

ಅಂದೇ ಬೆಳಿಗ್ಗೆ ಸಾಮಾನು ಇಳಿಸಿ ಈಚೆಯ ಮನೆಗೆ ಯಜಮಾನನಾಗಿ ಬಂದಿದ್ದ ಅಳತೆಗಾರ ಮೂಗಿಗೆ ಕರವಸ್ತ್ರ ಹಿಡಿದು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅವನು ಮನುಷ್ಯರನ್ನು ನೋಡುತ್ತಿದ್ದುದೇ ಹಾಗೆ. ನಿವೇಶನ ನೋಡಿದಂತೆ ನೋಡಿ, ಉದ್ದಗಲ ಅಂದಾಜು ಮಾಡಿ, ಪ್ರಯೋಜನವಿಲ್ಲ ಎಂದು ತೀರ್ಮಾನಿಸಿ ಮುಂದೆ ಹೋಗುವವನು. ಊರಿನ ಅರ್ಧ ನೆಲ ಅವನ ಟೇಪಿನ ಕೆಳಗೆ ಹಾದು ಹೋಗಿತ್ತು. ಅವನು ಗೆರೆ ಎಳೆದ ಮೇಲೆ ಅದು ಗೆರೆಯೇ. ಅಣ್ಣತಮ್ಮಂದಿರು ತಲೆ ಒಡೆದುಕೊಂಡರೂ ಅವನ ನಕ್ಷೆ ಅಲುಗುತ್ತಿರಲಿಲ್ಲ.

"ಯಾಕಮ್ಮಾ, ಕಚ್ಚುತ್ತಾ?"

"ಕಚ್ಚೋ ಹಾಗಿದ್ರೆ ಔಷಧಿನಾದ್ರೂ ಇರ್ತಿತ್ತು."

ಎರಡು ಅಂಗಳಗಳ ನಡುವೆ ಗೋಡೆಯಿರಲಿಲ್ಲ. ಬೀದಿಯ ಕಡೆಯ ಮೂಲೆಯಲ್ಲಿ ಕಚೇರಿಯವರು ನೆಟ್ಟ ಸಿಮೆಂಟಿನ ಗೂಟ. ಹಿತ್ತಲ ಕಡೆಯ ಮೂಲೆಯಲ್ಲಿ, ಚರಂಡಿಯ ಪಕ್ಕ, ಮೊಣಕಾಲೆತ್ತರದ ಕರಿಕಲ್ಲು. ಎಣ್ಣೆ ಸವರಿದ ಹಾಗೆ ಜಿಡ್ಡುಜಿಡ್ಡಾಗಿ ಹೊಳೆಯುತ್ತಿತ್ತು. ಸುತ್ತ ಹುಲ್ಲು ಬೆಳೆದಿತ್ತು, ಕಲ್ಲಿಗೆ ತಾಗುವ ಮುನ್ನವೇ ಎಲ್ಲ ಕಡೆಯಿಂದಲೂ ಬಾಗಿ ಹಿಂದಕ್ಕೆ ತಿರುಗಿತ್ತು.

"ಮಾಟ ಮಾಡಿ ನೆಟ್ಟ ಕಲ್ಲು ಅದು," ಅವಳು ದನಿ ತಗ್ಗಿಸಿದಳು. "ನಮ್ಮತ್ತೆ ಇದ್ದಾಗಿನ ಮಾತು. ಇರೋ ಜಾಗದಲ್ಲಿ ಇದ್ರೆ ಯಾರಿಗೂ ಏನೂ ಮಾಡಲ್ಲ. ಅದರ ಪಾಡಿಗೆ ಅದನ್ನ ಬಿಟ್ಬಿಡಿ."

"ಕಲ್ಲಿಗೂ ಒಂದು ಪಾಡಿದೆಯಾ?" ಅವನು ಹಲ್ಲು ಕಿರಿದ. "ಹತ್ತಿ ಧೂಳು ತಲೆ ಒಳಗೂ ಹೋಗಿರೋ ಹಾಗಿದೆ. ಬಾಯಿಗೆ ಬಟ್ಟೆ ಕಟ್ಕೊಂಡು ಬಡೀರಿ."

ಅವಳು ಮತ್ತೆ ಕೋಲು ಎತ್ತಿಕೊಂಡಳು. ಸದ್ದು ಶುರುವಾಯಿತು. ಧಪ್, ಧಪ್.

ಒಳಗೆ ಅವನ ಹೆಂಡತಿ ಪಾತ್ರೆ ಜೋಡಿಸುತ್ತಿದ್ದಳು. ಅವಳದು ಬೇಕರಿಯಲ್ಲಿ ಕೆಲಸ. ಬೆಳಕು ಹರಿಯುವ ಮೊದಲೇ ಹೋಗಿ ಹಿಟ್ಟು ನಾದಿ, ಮಧ್ಯಾಹ್ನ ಕಳೆದು ಬರುವಳು. ಎಷ್ಟು ತೊಳೆದರೂ ಹೋಗದ ಹುದುಗಿನ ವಾಸನೆ ಅವಳ ತೋಳುಗಳಿಗೆ ಅಂಟಿತ್ತು. ಈ ಮನೆಗೆ ಅವಳ ದುಡಿಮೆಯೂ ಸೇರಿತ್ತು, ಹೆಸರು ಮಾತ್ರ ಸೇರಿರಲಿಲ್ಲ. ಮನೆ ಕೊಳ್ಳುವಾಗ ಪತ್ರದ ವಕೀಲ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು, ಹಕ್ಕು ಹೇಗೆ ಬರೆಯಲಿ ಎಂದು ಕೇಳಿದ್ದ. ಒಬ್ಬರ ಹೆಸರಿಗಾದರೆ ಒಬ್ಬರದೇ. ಇಬ್ಬರ ಹೆಸರಿಗಾದರೆ ಅದರಲ್ಲೂ ಎರಡು ಬಗೆ. ಪಾಲು ಬಿಡಿಸಿ ಬರೆದರೆ ಅವರವರ ಪಾಲು ಅವರವರ ವಾರಸುದಾರರಿಗೆ. ಬಿಡಿಸದೆ ಜಂಟಿಯಾಗಿ ಬರೆದರೆ, ಒಬ್ಬರು ಕಣ್ಣು ಮುಚ್ಚಿದ ಮೇಲೆ ಉಳಿದವರಿಗೆ ಇಡಿಯಾಗಿ.

"ಜಂಟಿಯಾಗೇ..." ಎಂದು ಹೆಂಡತಿ ಬಾಯಿ ತೆರೆದಿದ್ದಳು.

"ನನ್ನೊಬ್ಬನ ಹೆಸರಿಗೆ ಬರೀರಿ," ಎಂದಿದ್ದ ಅಳತೆಗಾರ. "ಹಿಟ್ಟು ನಾದೋಳಿಗೆ ಚೆಕ್ಕುಬಂದಿ ಅಂದ್ರೆ ಏನು ಗೊತ್ತು? ನಾಲ್ಕು ದಿಕ್ಕು ತೋರಿಸು ಅಂದ್ರೆ ಮೂರು ತೋರಿಸ್ತಾಳೆ."

ವಕೀಲ ನಕ್ಕಿದ್ದ. ಅವಳೂ ನಕ್ಕಂತೆ ಮಾಡಿದ್ದಳು.

ಬಾಡಿಗೆ ಕೋಣೆಗಳಲ್ಲಿ ಬೆಳೆದವನು ಅವನು. ಇನ್ನೊಬ್ಬರ ಗೋಡೆಗೆ ಮೊಳೆ ಹೊಡೆದದ್ದಕ್ಕೆ ಅಪ್ಪ ಬೈಸಿಕೊಂಡದ್ದನ್ನು ಕಂಡವನು. ಕಾಲ ಕೆಳಗೆ ತನ್ನದೇ ನೆಲ ಬೇಕು, ಅದರಲ್ಲಿ ಇನ್ಯಾರ ನೆರಳೂ ಬೀಳಬಾರದು ಎನ್ನುವುದೊಂದೇ ಅವನ ಜೀವದ ಆಸೆ. ಅದು ಈಗ ಕೈಗೂಡಿತ್ತು. ಆದರೆ ಮಾಳಿಗೆಯ ಮೇಲೊಂದು ಕೋಣೆ ಕಟ್ಟಬೇಕು, ಅದಕ್ಕೆ ಹಿತ್ತಲಿನಿಂದ ಮೆಟ್ಟಿಲು ಏರಿಸಬೇಕು. ಅಳೆದು ನೋಡಿದರೆ ಮೆಟ್ಟಿಲಿಗೆ ಜಾಗ ಸಾಲದು. ಒಂದೇ ಒಂದು ಗೇಣು ಕಡಿಮೆ.

ಅವನು ಕಲ್ಲಿನ ಅಳತೆ ಹಿಡಿದ. ಬೀದಿಯ ಗೂಟದಿಂದ ಒಮ್ಮೆ, ಬಲಬದಿಯ ಗೋದಾಮಿನ ಗೋಡೆಯಿಂದ ಒಮ್ಮೆ. ಯಾವ ಕಡೆಯಿಂದ ಹಿಡಿದರೂ ಕಲ್ಲು ಕೂದಲೆಳೆಯಷ್ಟೂ ಆಚೀಚೆ ಇರಲಿಲ್ಲ. ಪತ್ರದಲ್ಲಿ ಎಲ್ಲಿರಬೇಕೋ ಅಲ್ಲೇ ಇತ್ತು. ಅದು ಅವನಿಗೆ ಸಮಾಧಾನ ಕೊಡುವ ಬದಲು ಸಿಟ್ಟು ಬರಿಸಿತು. ಹಾಸಿಗೆ ಹೊಲಿಯುವವಳ ಪರವಾಗಿ ಇಷ್ಟು ನಿಖರವಾಗಿ ನಿಲ್ಲಲು ಈ ಕಲ್ಲಿಗೇನು ಹಕ್ಕು ಎನ್ನುವಂಥ ಸಿಟ್ಟು.

ಮರುದಿನ ನಡುಹಗಲು. ಹಾಸಿಗೆಯವಳು ಹೊಲಿದ ಮಾಲನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋಗಿದ್ದಳು. ಹೆಂಡತಿ ಬೇಕರಿಯಿಂದ ಬಂದಿರಲಿಲ್ಲ. ಬಿಸಿಲು ನೆತ್ತಿಯ ಮೇಲೆ ನಿಂತು ಯಾವ ವಸ್ತುವಿಗೂ ನೆರಳಿಲ್ಲದ ಹೊತ್ತು. ಅವನು ಹಾರೆ ಹಾಕಿ ಕಲ್ಲನ್ನು ಮೀಟಿದ.

ಕಲ್ಲು ಕಿತ್ತು ಬರುವಾಗ ಹಲ್ಲು ಕಿತ್ತ ಸದ್ದಾಯಿತು. ಹಸಿ ಸದ್ದು. ಕುಳಿಯಿಂದ ತಣ್ಣನೆಯ ಗಾಳಿ ಮುಖಕ್ಕೆ ಬಡಿಯಿತು. ಮುಚ್ಚಿಟ್ಟ ಬಾವಿಯ ವಾಸನೆ, ಸುಟ್ಟ ಕೂದಲಿನ ವಾಸನೆ. ತಳದಲ್ಲಿ ಸುರುಳಿ ಸುತ್ತಿದ ಸೀಸದ ತಗಡು. ಅದರ ಸುತ್ತ ಹೆಂಗಸಿನ ಉದ್ದ ಕೂದಲು ಬಿಗಿದು ಕಟ್ಟಿತ್ತು. ಎಷ್ಟು ವರ್ಷ ಮಣ್ಣಲ್ಲಿದ್ದರೂ ನಿನ್ನೆ ಬಾಚಿದಂತೆ ಮಿರಮಿರ ಮಿಂಚುತ್ತಿತ್ತು. ಬಿಚ್ಚಿದರೆ ಒಳಗೆ ಒಂದು ಹಿಡಿ ಉಗುರು. ತಗಡಿನ ಮೇಲೆ ಅಕ್ಷರವಿರಲಿಲ್ಲ. ಒಂದೇ ಒಂದು ನೆಟ್ಟನೆಯ ಗೆರೆ ಕೊರೆದಿತ್ತು.

"ಯಾವಳೋ ಗೆರೆ ಎಳೆಯೋದನ್ನ ನನಗೆ ಹೇಳ್ಕೊಡ್ತಾಳೆ," ಎಂದುಕೊಂಡು ಅವನು ಅದನ್ನು ಕಾಲಿನಿಂದ ಚರಂಡಿಗೆ ಒದ್ದ. ಕಲ್ಲನ್ನು ಆಚೆಗೆ ಒಂದು ಗೇಣು ಸರಿಸಿ ನೆಟ್ಟ. ಮಣ್ಣು ತುಳಿದು ಗಟ್ಟಿ ಮಾಡಿದ. ಹಳೆಯ ಕುಳಿಯ ಮೇಲೆ ಹುಲ್ಲಿನ ಹೆಂಟೆಯನ್ನು ಕೂರಿಸಿದ. ಅವನ ಕೈಚಳಕ ಎಷ್ಟೆಂದರೆ, ಕೆಲಸ ಮುಗಿದ ಮೇಲೆ ಅವನಿಗೇ ಹಳೆಯ ಜಾಗ ಗುರುತು ಸಿಗಲಿಲ್ಲ.

ಸಂಜೆ ಹಾಸಿಗೆಯವಳು ಗಾಡಿ ತಳ್ಳಿಕೊಂಡು ಬಂದಳು. ಹಿತ್ತಲಿಗೆ ಹೋದವಳು ನಿಂತಲ್ಲೇ ನಿಂತಳು.

"ಎತ್ತಿಬಿಟ್ರಾ," ಎಂದಳು. ಪ್ರಶ್ನೆ ಕೇಳಿದಂತಿರಲಿಲ್ಲ.

"ಏನು ಎತ್ತೋದು? ಪತ್ರದ ಪ್ರಕಾರ ಅಳೆದು ನೋಡಿದೀನಿ. ಸರಿಯಾಗೇ ಇದೆ. ಅನುಮಾನ ಇದ್ರೆ ಕಚೇರಿಗೆ ಅರ್ಜಿ ಕೊಡಿ. ಅಳೆಯೋಕೆ ಬರೋನೂ ನಾನೇ," ಎಂದು ಅವನು ನಕ್ಕ.

ಅವಳು ಅವನ ಮುಖ ನೋಡಲಿಲ್ಲ. ಅವನ ಕೈಗಳನ್ನು ನೋಡಿದಳು, ಸುಟ್ಟುಕೊಂಡ ಮಗುವಿನ ಕೈ ನೋಡುವಂತೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ಬೆಳಿಗ್ಗೆ ಅವನು ಕಚೇರಿಗೆ ಹೊರಟ. ಹೊಸಿಲು ದಾಟಿ, ಅಂಗಳ ದಾಟಿ, ಬೀದಿಗೆ ಬಲಗಾಲು ಇಟ್ಟ. ಕಾಲು ಅಲ್ಲಿರಲಿಲ್ಲ. ಕಣ್ಣಿಗೆ ಕಾಣುತ್ತಿತ್ತು, ಚಪ್ಪಲಿಯೂ ಇತ್ತು, ಆದರೆ ಕಾಲು ಇರಲಿಲ್ಲ. ದೀಪ ಆರಿದಂತೆ ಆರಿಹೋಗಿತ್ತು. ಎಡಗಾಲನ್ನೂ ಎಳೆದುಕೊಂಡ. ಅದೂ ಆರಿತು. ಹಿಂದಕ್ಕೆ ಕುಸಿದು ಬಿದ್ದ. ಸೊಂಟದವರೆಗೆ ಬೀದಿಯಲ್ಲಿ, ಮೇಲಿನದು ಅಂಗಳದಲ್ಲಿ. ಮೊಣಕೈ ಊರಿ ತೆವಳಿ ಹಿಂದಕ್ಕೆ ಬಂದದ್ದೇ ತಡ, ಕಾಲುಗಳಿಗೆ ಜೀವ ಧುಮ್ಮಿಕ್ಕಿ ಬಂತು.

ವೈದ್ಯರು ಮನೆಗೇ ಬಂದರು. ಸೂಜಿ ಚುಚ್ಚಿದರು, ಮಂಡಿಗೆ ಬಡಿದರು. "ಕಾಲು ಕುದುರೆ ಹಾಗಿದೆ. ಮನಸ್ಸಿಗೆ ವಿಶ್ರಾಂತಿ ಬೇಕು," ಎಂದು ಹೇಳಿ ಹೋದರು.

"ಓದಿ ಏನು ಪ್ರಯೋಜನ, ಕತ್ತೆ," ಎಂದ ಅಳತೆಗಾರ ಅವರ ಬೆನ್ನಿಗೆ. ಆದರೆ ಬೀದಿಗೆ ಮತ್ತೆ ಕಾಲಿಡಲಿಲ್ಲ. ರಜೆ ಬರೆದು ಹೆಂಡತಿಯ ಕೈಯಲ್ಲಿ ಕಳಿಸಿದ.

ಮನೆಯಲ್ಲಿ ಕೂತವನಿಗೆ ಹೊತ್ತು ಹೋಗಬೇಕಲ್ಲ, ಮೆಟ್ಟಿಲಿನ ಗುರುತು ಹಾಕಲು ಹಿತ್ತಲಿಗೆ ಹೋದ. ತಾನು ಗೆದ್ದ ಗೇಣು ನೆಲದ ಮೇಲೆ ಕಾಲಿಟ್ಟ. ಪಾದ ಆರಿತು. ಹಿಂದೆ ಸರಿದ. ಬಂತು. ಸರಿ, ಅದಾದರೂ ಕದ್ದ ನೆಲ. ಆದರೆ ಮಾರನೆಯ ದಿನ ಅದರ ಈಚೆಗೂ ಒಂದು ಗೇಣು ಸತ್ತಿತ್ತು. ಅದು ಅವನದೇ ನೆಲ. ಅವನೇ ಅಳೆದದ್ದು, ಅವನ ಹೆಸರೇ ಇದ್ದದ್ದು. ಅದರ ಮಾರನೆಯ ದಿನ ಇನ್ನೊಂದು ಗೇಣು.

ಅವನು ಸುಣ್ಣದ ಪುಡಿ ತರಿಸಿ, ಪಾದ ಆರುವ ಕಡೆಯೆಲ್ಲ ಗುರುತು ಹಾಕುತ್ತ ಹೋದ. ಗುರುತುಗಳು ಸೇರಿ ನೆಟ್ಟನೆಯ ಗೆರೆಯಾಯಿತು. ಹಿತ್ತಲಿನಿಂದ ಬೀದಿಯವರೆಗೆ, ಒಂದಿಷ್ಟೂ ಸೊಟ್ಟವಿಲ್ಲದೆ. ಅಷ್ಟು ನೇರವಾದ ಗೆರೆಯನ್ನು ಅವನು ಸಹ ಯಾವತ್ತೂ ಎಳೆದಿರಲಿಲ್ಲ. ದಿನ ಬೆಳಗಾದರೆ ಅದು ಒಂದು ಗೇಣು ಒಳಗೆ ಬರುತ್ತಿತ್ತು. ಹಾಸಿಗೆಯವಳ ಕಡೆಯಿಂದ ಗೋದಾಮಿನ ಗೋಡೆಯ ಕಡೆಗೆ. ಅಂಗಳದ ಅಂಚು ಹೋಯಿತು. ಒಗೆಯುವ ಕಲ್ಲು ಹೋಯಿತು. ಗೋಡೆ ಅದಕ್ಕೆ ಅಡ್ಡಿಯಾಗಲಿಲ್ಲ. ಗೋಡೆ ದಾಟಿ ಅಡಿಗೆಮನೆಗೆ ಬಂತು.

ಒಂದು ಸಂಜೆ ನೀರು ಕುಡಿಯಲೆಂದು ಅಡಿಗೆಮನೆಗೆ ಕೈ ಚಾಚಿದವನ ಕೈ ಮೊಣಕೈವರೆಗೆ ಆರಿತು. ಲೋಟ ಬಿದ್ದು ಒಡೆಯಿತು. ಬೆರಳುಗಳು ಸತ್ತ ಮೀನುಗಳಂತೆ ತೂಗಾಡಿದವು. ಅದೇ ಜಾಗದಲ್ಲಿ ಅವನ ಹೆಂಡತಿ ನಿಂತು, ಬರಿಗಾಲಿನಲ್ಲಿ ಆಚೀಚೆ ಓಡಾಡಿ ಗಾಜು ಗುಡಿಸಿದಳು. ಅವಳಿಗೇನೂ ಆಗುತ್ತಿರಲಿಲ್ಲ.

"ನಿನಗೆ ಇಲ್ಲಿ ಏನೂ ಅನ್ನಿಸ್ತಿಲ್ವಾ?"

"ಏನು ಅನ್ನಿಸ್ಬೇಕು?"

"ಕಾಲು ಜೋಮು ಹಿಡಿದ ಹಾಗೆ."

"ನನ್ನ ಕಾಲು ದಿನವಿಡೀ ನಿಂತೇ ಇರುತ್ತೆ. ಜೋಮು ಹಿಡಿಯೋಕೆ ಅದಕ್ಕೆ ಪುರುಸೊತ್ತೆಲ್ಲಿ," ಎಂದಳು. ಆಮೇಲೆ ಪೊರಕೆ ಹಿಡಿದೇ ನಿಂತು, "ರೀ, ಆ ಕಲ್ಲನ್ನ ನೀವು ಎತ್ತಿದ್ರಾ?" ಎಂದು ಕೇಳಿದಳು.

"ಅಳತೆ ಪ್ರಕಾರ ಇಟ್ಟೆ."

"ಹಾಸಿಗೆ ಅಕ್ಕ ಬೇರೆ ಥರ ಹೇಳಿದ್ಲು."

"ಅವಳು ಹೇಳಿದ್ಲು, ನೀನು ಕೇಳಿದೆ. ಇಬ್ಬರ ತಲೆ ಸೇರಿಸಿದ್ರೂ ಒಂದು ತಲೆ ಆಗಲ್ಲ."

ಅವಳು ಗಾಜಿನ ಚೂರುಗಳನ್ನು ಎತ್ತಿಕೊಂಡು ಹೋದಳು. ಅಂದಿನಿಂದ ಊಟದ ತಟ್ಟೆಯನ್ನು ಅವನಿದ್ದಲ್ಲಿಗೇ ತಂದಿಡತೊಡಗಿದಳು.

ಗೆರೆ ನಡುಮನೆಯನ್ನು ಗೇಣುಗೇಣಾಗಿ ತಿನ್ನುತ್ತ ಬಂತು. ಅವನ ಕುರ್ಚಿ ಹೋಯಿತು. ನಕ್ಷೆ ಬರೆಯುವ ಮೇಜು ಹೋಯಿತು. ಮೇಜು ಅಲ್ಲೇ ಇತ್ತು, ಅದರ ಹತ್ತಿರ ಹೋಗುವ ಅವನು ಇರಲಿಲ್ಲ. ಹಿಂದಕ್ಕೆ, ಹಿಂದಕ್ಕೆ ಸರಿದು ಗೋದಾಮಿನ ಗೋಡೆಗೆ ಹೊಂದಿಕೊಂಡ ಕೊನೆಯ ಕೋಣೆಗೆ ಬಂದು ಬಿದ್ದ. ಅಲ್ಲೊಂದು ಮಂಚ, ಕಂಬಿ ಹಾಕಿದ ಕಿಟಕಿ, ಕಿಟಕಿಯಾಚೆ ಕೈಗೆಟುಕುವಷ್ಟು ಹತ್ತಿರದಲ್ಲಿ ಗೋದಾಮಿನ ಬೋಳು ಗೋಡೆ. ಗಾಳಿಯಿಲ್ಲ. ಗೆರೆಯ ಆಚೆಯಿಂದ ಬಾವಿಯ ವಾಸನೆ, ಸುಟ್ಟ ಕೂದಲಿನ ವಾಸನೆ ನಿಧಾನವಾಗಿ ತೆವಳಿ ಬರುತ್ತಿತ್ತು. ಜೊತೆಗೆ ಪಕ್ಕದ ಅಂಗಳದ ಕೋಲಿನ ಸದ್ದು. ಧಪ್, ಧಪ್.

ಕೊನೆಗೆ ಅವನೇ ಹಾಸಿಗೆಯವಳನ್ನು ಕರೆಸಿದ. ಕರೆಸಿದ ಎನ್ನುವುದಕ್ಕಿಂತ ಹೆಂಡತಿಯ ಮೇಲೆ ರೇಗಾಡಿ, ಆ ಮಾಟಗಾತಿಯನ್ನು ಎಳೆದು ತಾ ಎಂದ. ಅವಳು ಬಂದು ಬಾಗಿಲ ಬಳಿ ನಿಂತಳು. ಹತ್ತಿಯ ಎಳೆಯೊಂದು ಅವಳ ಭುಜದಿಂದ ತೇಲಿ ಮಂಚದ ಹತ್ತಿರ ಬಂತು. ಅಳತೆಗಾರ ಅದನ್ನು ಕಂಡು ಬೆಚ್ಚಿ ಕಾಲು ಮಡಿಸಿಕೊಂಡ.

"ಏನು ಮಾಡಿದೀಯ ನನಗೆ?"

"ನಾನೇನೂ ಮಾಡಿಲ್ಲ ಸಾರ್. ಮಾಡಿಸಿದ್ದು ನಮ್ಮತ್ತೆ. ಈ ಎರಡೂ ಮನೆ ಮೊದಲು ಒಂದೇ. ಅಣ್ಣ ತಮ್ಮ ಪಾಲಾದ್ರು. ತಮ್ಮ ತೀರ್ಕೊಂಡ ಮೇಲೆ ಅಣ್ಣ ಕಲ್ಲು ಸರಿಸಿದ. ಕೇಳೋರು ಯಾರಿದ್ರು, ತಮ್ಮನ ಹೆಂಡ್ತಿ ನಮ್ಮತ್ತೆ, ಕಂಕುಳಲ್ಲಿ ಕೂಸು ಹೊತ್ತ ಹೆಂಗಸು. ಎಲ್ಲಾ ಕಚೇರಿ ಮೆಟ್ಟಿಲು ಹತ್ತಿಳಿದು, ಕಡೆಗೆ ಮಾಟದೋನ ಹತ್ರ ಹೋದ್ಲು. ತಲೆ ಬೋಳಿಸ್ಕೊಂಡು ಕೂದಲು ಕೊಟ್ಲು. ಅಷ್ಟೂ ಉಗುರು ಕಿತ್ತು ಕೊಟ್ಲು, ಅವನು ಅದನ್ನ ಕಲ್ಲಿನ ಹಳೇ ಕುಳೀಲಿ ಹೂತ. ಆಮೇಲೆ ಅವಳು ಸೂಜಿ ಹಿಡಿದು ಒಂದು ಹೊಲಿಗೆ ಹಾಕ್ಲಿಲ್ಲ."

"ಆ ಅಣ್ಣ ಏನಾದ?"

ಅವಳು ಕಿಟಕಿಯ ಪಕ್ಕದ ಮೂಲೆಯ ಕಡೆ ನೋಡಿದಳು. "ಅಲ್ಲೇ. ಗೋಡೆಗೆ ಅಂಟ್ಕೊಂಡು ನಿಂತೇ ಹೋಗಿದ್ದ. ಹೆಣದ ಕೈಲೇ ಕಲ್ಲು ಹಿಡಿಸಿ ಹಳೇ ಜಾಗಕ್ಕೆ ಇಟ್ರು. ಎತ್ತಿದ ಕೈಯೇ ಇಡಬೇಕು. ಬೇರೆಯವರು ಇಟ್ರೆ ಆಗಲ್ಲ."

ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿಯೂ ಆ ಮೂಲೆಯ ಕಡೆ ತಿರುಗಿ ನೋಡಿದಳು.

"ಈಗ್ಲೂ ಕಾಲ ಮೀರಿಲ್ಲ," ಎಂದಳು ಹಾಸಿಗೆಯವಳು. "ಮಂಚದ ಸಮೇತ ಹೊತ್ಕೊಂಡು ಹೋಗ್ತೀವಿ. ನಿಮ್ಮ ಕೈ ಹಿಡಿದು ನಾನೇ ಇಡಿಸ್ತೀನಿ. ಬೀದಿಯವರ ಎದುರಿಗೆ ಆಗ್ಬೇಕು, ಕದ್ದಿದ್ದೆ ಅನ್ನೋದು ನಾಲ್ಕು ಜನಕ್ಕೆ ಗೊತ್ತಾಗ್ಬೇಕು. ಅಷ್ಟೇ."

ಅಷ್ಟೇ ಅಂತೆ. ಅಳತೆಗಾರ ಆ ದೃಶ್ಯವನ್ನು ಒಮ್ಮೆ ಊಹಿಸಿಕೊಂಡ. ಎರಡು ಹೆಂಗಸರು ತನ್ನನ್ನು ಹೆಣದಂತೆ ಹೊತ್ತು ಹೋಗುವುದು. ಇದೇ ಬೀದಿಯವರು, ತಾನು ಕಣ್ಣೆತ್ತಿ ನೋಡದ ಜನ, ಅಂಗಳದಲ್ಲಿ ನಿಂತು ನೋಡುವುದು. ಆಮೇಲೆ ಅಳತೆಯ ಪರವಾನಗಿ ಹೋಗುವುದು. ಅವನು ಎಳೆದ ಗೆರೆಗಳನ್ನೆಲ್ಲ ಊರು ಅನುಮಾನದಿಂದ ನೋಡುವುದು.

"ನನ್ನ ಬಾಯಿಂದ ಕದ್ದೆ ಅನ್ನಿಸಿ ನಾಳೆ ಕೇಸ್ ಹಾಕೋ ಉಪಾಯ ಇದು," ಎಂದ. "ನಡಿ ಆಚೆಗೆ."

ಅವಳು ಹೋದ ಮೇಲೆ ಅವನು ಛಾವಣಿ ನೋಡುತ್ತ ಮಲಗಿ ತನ್ನ ವಿದ್ಯೆಯನ್ನೆಲ್ಲ ಹೂಡಿ ಯೋಚಿಸಿದ. ಮಾಟವೇ ಆಗಲಿ, ಅದೂ ಗಡಿಯ ವ್ಯವಹಾರ. ಗಡಿ ಹುಡುಕಿಕೊಂಡು ಬರುವುದು ಯಾರನ್ನು? ಮಾಲೀಕನನ್ನು. ನೋಟೀಸು ಹೋಗುವುದು ಪತ್ರದಲ್ಲಿ ಹೆಸರಿರುವವನಿಗೆ. ಹೆಂಡತಿ ಗೆರೆಯ ಆಚೆಗೂ ಈಚೆಗೂ ಬರಿಗಾಲಿನಲ್ಲಿ ಓಡಾಡುತ್ತಾಳೆ, ಯಾಕೆ? ಅವಳ ಹೆಸರಿಲ್ಲ. ಹೆಸರಿಲ್ಲದವರನ್ನು ಈ ಗೆರೆ ಕಾಣುವುದೇ ಇಲ್ಲ. ಹಾಗಾದರೆ ಹೆಸರು ದಾಟಿಸಿಬಿಟ್ಟರೆ? ಮನೆಯನ್ನು ಅವಳ ಹೆಸರಿಗೆ ದಾನಪತ್ರ ಮಾಡಿಬಿಟ್ಟರೆ ಗೆರೆ ಅವಳನ್ನು ಹಿಡಿದುಕೊಳ್ಳುತ್ತದೆ. ತಾನು ಎದ್ದು ನಡೆಯಬಹುದು. ಆಮೇಲೆ ಅವಳ ಕತೆ ಅವಳಿಗೆ. ಹೇಗೂ ದಿನವಿಡೀ ನಿಂತು ಅಭ್ಯಾಸವಿರುವವಳು.

ಮೊದಲ ಬಾರಿಗೆ ಎದೆ ಹಗುರಾಯಿತು. ಒಬ್ಬನೇ ನಕ್ಕ. ಒಂದು ಸೀಸದ ತಗಡಿಗಿಂತ ತನ್ನ ತಲೆ ದೊಡ್ಡದು.

"ನೋಡು," ಎಂದ ಹೆಂಡತಿಗೆ. ಎಷ್ಟೋ ವರ್ಷಗಳಲ್ಲಿ ಅವಳೊಂದಿಗೆ ಆಡದ ಮೆತ್ತಗಿನ ದನಿ. "ನನ್ನ ಆರೋಗ್ಯ ಹೀಗಿದೆ. ನಾಳೆ ಹೆಚ್ಚು ಕಮ್ಮಿ ಆದ್ರೆ ನೀನು ಬೀದಿಪಾಲಾಗ್ಬಾರ್ದು. ಮನೆ ನಿನ್ನ ಹೆಸರಿಗೆ ಬರ್ಕೊಡ್ತೀನಿ."

"ಜಂಟಿಯಾಗಿ ಬರೆಸೋಣ," ಎಂದಳು ಅವಳು.

"ಬೇಡ. ಪೂರ್ತಿ ನಿನಗೇ. ನನಗೆ ಒಂದು ಚೂರೂ ಬೇಡ."

ಅವಳು ಅವನನ್ನು ತುಂಬ ಹೊತ್ತು ನೋಡಿದಳು. ಒಲೆಯೊಳಗಿನ ಬ್ರೆಡ್ ಹೊರಗೆ ಕೆಂಪಾದರೂ ಒಳಗೆ ಹಸಿಯೋ ಬೆಂದಿದೆಯೋ ಎಂದು ನೋಡುವವಳ ನೋಟ ಅದು.

"ಸರಿ," ಎಂದಳು.

ವಕೀಲ ಓಡಾಡಿ, ಹಾಸಿಗೆ ಹಿಡಿದವರ ಮನೆಗೇ ನೋಂದಣಿ ಅಧಿಕಾರಿ ಬರುವಂತೆ ಮಾಡಿದ. ಅಷ್ಟರಲ್ಲಿ ಗೆರೆ ಕೋಣೆಯೊಳಗೂ ಬಂದಿತ್ತು. ಮಂಚವನ್ನು ಗೋಡೆಗೆ ಒತ್ತರಿಸಿ, ಅದರ ಮೇಲೆ ಮೈಯನ್ನು ಗೋಡೆಗೆ ಒತ್ತರಿಸಿ ಅವನು ಮಲಗಿದ್ದ. ಮಗ್ಗುಲು ಬದಲಿಸುವಂತಿರಲಿಲ್ಲ. ಎಡಗೈ ಮಂಚದಿಂದ ಜಾರಿದರೆ ಆರುತ್ತಿತ್ತು, ಬಲಗೈಯಿಂದ ಎತ್ತಿ ಎದೆಯ ಮೇಲಿಟ್ಟುಕೊಳ್ಳಬೇಕಿತ್ತು.

ಅಧಿಕಾರಿ ಬಂದು ಕುರ್ಚಿ ಎಳೆದುಕೊಂಡು ಕೂತ. ಸಾಕ್ಷಿಗೆ ವಕೀಲ, ಮತ್ತು ಬೇರೆ ಯಾರೂ ಸಿಗದೆ ಹಾಸಿಗೆಯವಳು. ಸ್ವಇಚ್ಛೆಯಿಂದ ಕೊಡುತ್ತಿದ್ದೀರಾ, ಒತ್ತಾಯವೇನಿಲ್ಲವಲ್ಲ ಎಂದು ಅಧಿಕಾರಿ ಕೇಳಿದ. ಇಲ್ಲ ಎಂದ ಅಳತೆಗಾರ. ಕಾಗದಕ್ಕೆ ಸಹಿ ಹಾಕಿದ. ಶಾಯಿಯ ವಾಸನೆ ಬಂತು. ಇನ್ನು ಪಡೆಯುವವಳ ಸಹಿ ಬಿದ್ದರೆ ಆಯಿತು.

ಹೆಂಡತಿ ಲೇಖನಿ ಹಿಡಿದು ಮಂಚದ ಹತ್ತಿರ ಬಗ್ಗಿದಳು. ಅವಳ ತೋಳಿನ ಹುದುಗಿನ ವಾಸನೆ ಅವನ ಮುಖದ ಮೇಲೆ ಬಿತ್ತು.

"ರೀ," ಎಂದಳು ಅವನಿಗಷ್ಟೇ ಕೇಳುವಂತೆ. "ಇದನ್ನ ತಗೊಂಡ್ರೆ ನನಗೆ ಏನಾಗ್ಬಹುದು ಅಂತ ನಿಮಗೆ ಗೊತ್ತಿದೆ ಅಲ್ವಾ?"

ಅವನು ಕಣ್ಣನ್ನು ಛಾವಣಿಯ ಕಡೆ ತಿರುಗಿಸಿದ.

"ನನಗೂ ಗೊತ್ತು. ಅಕ್ಕ ಎಲ್ಲಾ ಹೇಳಿದಾಳೆ. ಕಲ್ಲು ಎತ್ತಿದ್ದು ನನ್ನ ಕೈಯಲ್ಲ, ಅದೊಂದೇ ಧೈರ್ಯ. ಆದ್ರೂ ಒಂದು ಮಾತು, ನೀವೇ ಬಾಯಿ ಬಿಟ್ಟು ಹೇಳಿದ್ರೆ, ಈಗ್ಲೇ ಇದನ್ನ ಹರಿದುಹಾಕಿ ನಿಮ್ಮನ್ನ ಹೊತ್ಕೊಂಡು ಹೋಗ್ತೀವಿ. ಏನಾದ್ರೂ ಹೇಳೋದಿದೆಯಾ?"

ಅವಳು ಕಾದಳು. ಲೇಖನಿಯ ಮೊನೆ ಕಾಗದದ ಮೇಲೆ ನಿಂತಿತ್ತು. ಅಳತೆಗಾರನಿಗೆ ಅವಸರ. ಎಡಭುಜದ ಅಂಚು ಆಗಲೇ ತಣ್ಣಗಾಗುತ್ತಿತ್ತು.

"ಬೇಗ ಹಾಕು," ಎಂದ. "ಸಹಿ ಹಾಕೋದನ್ನೂ ನಿನಗೆ ಕಲಿಸ್ಬೇಕಾ?"

ಅವಳು ಸಹಿ ಹಾಕಿದಳು.

ಮೊದಲ ಅಕ್ಷರ ಬಿದ್ದಾಗ ಅವನ ಪಾದ ಆರಿತು. ಅವನಿಗೆ ಅರ್ಥವಾಗಲಿಲ್ಲ. ಮೀನಖಂಡ ಆರಿತು. ಇದು ತಪ್ಪು. ಇದು ಅವಳಿಗೆ ಆಗಬೇಕಾದದ್ದು. ಮಂಡಿ. ತೊಡೆ. ಲೇಖನಿ ಕಾಗದದ ಮೇಲೆ ಸರಸರ ಹರಿಯುತ್ತಿತ್ತು. ಆಗ ಹೊಳೆಯಿತು. ಗೆರೆ ಮಾಲೀಕನನ್ನು ಹುಡುಕುತ್ತಿರಲಿಲ್ಲ. ಕಳ್ಳನನ್ನು ಹುಡುಕುತ್ತಿತ್ತು. ಕಳ್ಳನಿಗೆ ತನ್ನದು ಎನ್ನುವ ನೆಲ ಇರುವಷ್ಟರಲ್ಲಿ ಮಾತ್ರ ಜೀವ. ಇದ್ದದ್ದು ಆ ಮಂಚದಷ್ಟು. ಅದನ್ನೂ ಬರೆದುಕೊಟ್ಟಿದ್ದ. ಚೂರೂ ಬೇಡ ಎಂದಿದ್ದ. ಸೊಂಟ. ಹೊಟ್ಟೆ. ನಿಲ್ಲಿಸು ಎನ್ನಬೇಕು. ಎದೆ. ಹರಿದುಹಾಕು ಎನ್ನಬೇಕು. ಕುತ್ತಿಗೆ. ನಾಲಿಗೆ ಎತ್ತಿದ. ನಾಲಿಗೆ ಇರಲಿಲ್ಲ.

ಕೊನೆಯ ಅಕ್ಷರದ ಕೊಂಬನ್ನು ಅವಳು ನಿಧಾನವಾಗಿ ಎಳೆದು ಮುಗಿಸಿದಳು.

ಸತ್ತಿರಲಿಲ್ಲ. ಉಸಿರು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತಿತ್ತು. ಕಣ್ಣಿಗೆ ಕಾಣುತ್ತಿತ್ತು, ಕಿವಿಗೆ ಕೇಳುತ್ತಿತ್ತು. ಅಷ್ಟು ಬಿಟ್ಟರೆ ಅವನು ಎಲ್ಲಿಯೂ ಇರಲಿಲ್ಲ. ವೈದ್ಯರು ಮತ್ತೆ ಬಂದು ರೆಪ್ಪೆ ಬಿಡಿಸಿ ಬ್ಯಾಟರಿ ಬಿಟ್ಟು, ತಲೆ ಅಲ್ಲಾಡಿಸಿ ಹೋದರು.

ಆ ದಿನವೇ ಇಬ್ಬರು ಹೆಂಗಸರು ಅವನನ್ನು ಹಳೆಯ ಹಾಸಿಗೆಯೊಂದರ ಮೇಲೆ ಉರುಳಿಸಿ, ಎರಡು ತುದಿ ಹಿಡಿದು ಹಿತ್ತಲಿಗೆ ಎಳೆದೊಯ್ದರು. ಬೀದಿಯವರೆಲ್ಲ ಬಂದಿದ್ದರು. ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಹಾಸಿಗೆಯವಳು ಅವನ ಸತ್ತ ಕೈಗಳನ್ನು ಕಲ್ಲಿನ ಮೇಲಿಟ್ಟು, ತನ್ನ ಕೈಗಳಿಂದ ಮುಚ್ಚಿ ಹಿಡಿದು, ಕಲ್ಲನ್ನು ಹಳೆಯ ಕುಳಿಗೆ ನೂಕಿದಳು. ನೆಲ ಅದನ್ನು ಗುಟುಕ್ಕನೆ ನುಂಗಿತು. ಬಾವಿಯ ವಾಸನೆ ನಿಂತುಹೋಯಿತು. ಮಾಟದ ಬಾಕಿ ತೀರಿತು. ಆದರೆ ಅವನ ಮೈಗೆ ಜೀವ ಬರಲಿಲ್ಲ. ಬರಲು ಅವನಿಗೆ ಜಾಗವೆಲ್ಲಿತ್ತು?

ಆ ಯೋಚನೆ ಹೆಂಡತಿಗೂ ಹೊಳೆದಿರಬೇಕು. ಮುಂದೊಂದು ಸಂಜೆ ವಕೀಲ ಬಂದು ಮಂಚದ ಪಕ್ಕ ಕೂತಿದ್ದ.

"ಒಂದು ದಾರಿ ಇದೆಯಮ್ಮಾ," ಎನ್ನುತ್ತಿದ್ದ. "ಜೀವಿತಾವಧಿ ಹಕ್ಕು ಅಂತ. ಮನೆ ನಿಮ್ಮದೇ. ಅವರು ಮಾರೋ ಹಾಗಿಲ್ಲ, ಅಡ ಇಡೋ ಹಾಗಿಲ್ಲ, ಯಾರಿಗೂ ಬಿಟ್ಟುಹೋಗೋ ಹಾಗಿಲ್ಲ. ಬದುಕಿರೋ ತನಕ ಅಷ್ಟು ಜಾಗ ಅವರದು. ಹೋದ ಮೇಲೆ ತಾನಾಗೇ ನಿಮಗೆ. ಬರೀಲಾ? ಈ ಕೋಣೆ ಪೂರ್ತಿ ಬರೆದುಬಿಡೋಣ."

ಅಳತೆಗಾರ ಕಣ್ಣಿನಲ್ಲೇ ಹೆಂಡತಿಯನ್ನು ಅಂಗಲಾಚಿದ. ಅವಳು ಬಾಗಿಲಿಗೆ ಒರಗಿ ಹಿಟ್ಟು ಹತ್ತಿದ ಉಗುರು ಸಂದಿಗಳನ್ನು ಕೆದಕುತ್ತಿದ್ದಳು. ಕೋಣೆಯನ್ನು ಒಮ್ಮೆ ನೋಡಿದಳು. ಅವನನ್ನು ಒಮ್ಮೆ ನೋಡಿದಳು. ಅಡಿಯಿಂದ ಮುಡಿಯವರೆಗೆ.

"ಕೋಣೆ ಯಾಕೆ," ಎಂದಳು. "ಮಂಚ ಇರೋ ಜಾಗ ಸಾಕು."

ವಕೀಲ ಟೇಪು ಹಿಡಿದು ಮಂಚದ ಉದ್ದಗಲ ಅಳೆದು ಬರೆದುಕೊಂಡ. ಪತ್ರಕ್ಕೆ ಅವಳ ಸಹಿ ಬಿದ್ದಾಗ ಅವನ ಹೆಬ್ಬೆರಳಿನ ತುದಿಯಲ್ಲಿ ಇರುವೆ ಹರಿದಂತಾಯಿತು. ಆಮೇಲೆ ಕಾಲು, ಆಮೇಲೆ ಬೆನ್ನು, ಆಮೇಲೆ ಗಂಟಲು. ಜೀವ ಬಂತು. ಮಂಚದಷ್ಟು ಬಂತು.

ಹೆಂಡತಿ ಒಂದು ಲೋಟ ನೀರು ತಂದು ತುಟಿಗೆ ಹಿಡಿದಳು. ಬದುಕಿ ಬಂದವನು ಏನು ಹೇಳುತ್ತಾನೋ ಎಂದು ಹಾಸಿಗೆಯವಳೂ ಬಾಗಿಲಲ್ಲಿ ನಿಂತಿದ್ದಳು. ಅವನು ನೀರು ಕುಡಿದ. ಕೆಮ್ಮಿದ. ಕೈಯನ್ನು ಮೆಲ್ಲಗೆ ಮಂಚದ ಅಂಚಿಗೆ ಒಯ್ದು, ಮರದ ಚೌಕಟ್ಟನ್ನು ಗೇಣಿನಿಂದ ಅಳೆಯುತ್ತ ಹೋದ. ಕೊನೆಯಲ್ಲಿ ಬೆರಳೊಂದನ್ನು ಒಂದಿಷ್ಟು ಹೊರಗೆ ಚಾಚಿ ನೋಡಿದ. ಆರಿತು. ಎಳೆದುಕೊಂಡ.

"ಲೇ," ಎಂದ, ಒಣಗಿದ ದನಿಯಲ್ಲಿ. "ಮಂಚದ ಕಾಲು ಒಳಗೆ ಬರುತ್ತಾ, ಹೊರಗಾ? ಆ ವಕೀಲ ಕತ್ತೆ ಸರಿಯಾಗಿ ಅಳೆದಿಲ್ಲ."

ಹೆಂಡತಿ ಲೋಟ ತೊಳೆಯಲು ಒಳಗೆ ಹೋದಳು.